ಪುಣ್ಯದ ಕೆಲಸ ಅಂದಮೇಲೆ ಪ್ರಶ್ನೆ ಕೇಳಬಾರದಾ?

ಕಾಲುವೆಗೆ ನೀರು ಬಿಟ್ಟರೆ ನಮ್ಮ ಕಾರಟಗಿ, ಗಂಗಾವತಿ ಕಡೆ ಹಗಲು ಮನೆಯಲ್ಲಿ ಒಬ್ಬರೂ ಸಿಗುವುದಿಲ್ಲ. ನಾಟಿ ಮುಗಿಯುವ ತನಕ ಎಲ್ಲರೂ ಗದ್ದೆಯಲ್ಲೇ. ಆಗಲೇ ನನಗೆ ಫೋನ್ ಬರುವುದು ಜಾಸ್ತಿ. "ಅಕ್ಕಾ, ನಮ್ಮ ಹುಡುಗನ್ನ ಅಂಗವಿಕಲ ಮಕ್ಕಳ ಒಂದು ಒಳ್ಳೆ ಸೆಂಟರಿಗೆ ಬಿಡಬೇಕ್ರಿ, ಯಾವುದು ಚಲೋ ಐತಿ ಹೇಳ್ರಿ." ನನ್ನ ತಮ್ಮನಿಗೆ ಸೆರೆಬ್ರಲ್ ಪಾಲ್ಸಿ (ಕೈಕಾಲು ಆಡಿಸುವುದೇ ಕಷ್ಟವಾಗುವ ಅಂಗವೈಕಲ್ಯ) ಇದೆ, ಅದಕ್ಕೇ ನನ್ನನ್ನು ಕೇಳುತ್ತಾರೆ. ನಾನು ಯಾವ ಹೆಸರೂ ಹೇಳುವುದಿಲ್ಲ. ಇವತ್ತು ಚೆನ್ನಾಗಿರುವ ಸೆಂಟರು, ಅಲ್ಲಿನ ಒಬ್ಬ ಒಳ್ಳೆ ಆಯಾ ಕೆಲಸ ಬಿಟ್ಟರೆ ಮುಂದಿನ ವರ್ಷ ಹಾಗೇ ಇರುತ್ತದೆ ಅಂತ ಏನು ಗ್ಯಾರಂಟಿ? ಏನೇನು ನೋಡಬೇಕು ಅಂತ ಮಾತ್ರ ಹೇಳುತ್ತೇನೆ.

ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಿ ಸಂಕೋಚ. "ಪಾಪ, ಇಂಥ ಮಕ್ಕಳನ್ನ ನೋಡಿಕೊಳ್ಳೋದೇ ಪುಣ್ಯದ ಕೆಲಸ, ಅವರಿಗೆ ಕಾಗದ ಪತ್ರ ತೋರ್ಸು ಅಂತಿಯೇನು?" ಎಂದು ನಮ್ಮ ಮನೆಯಲ್ಲೇ ನನ್ನನ್ನು ಗದರಿದ್ದಾರೆ. ಬೀಜ ತರುವಾಗ ಪ್ಯಾಕೆಟ್ ತಿರುಗಿಸಿ ತಿರುಗಿಸಿ ನೋಡಿ, ಬಿಲ್ ಇಸ್ಕೊಂಡು ಬರುವ ಜನ ನಾವು. ತನಗೇನಾಯಿತು ಅಂತ ಬಾಯಿಬಿಟ್ಟು ಹೇಳಲಾಗದ ಮಗನನ್ನು ಬಿಡುವಾಗ ಮಾತ್ರ ಕೈಮುಗಿದು ಬಂದುಬಿಡುತ್ತೇವೆ.

ಕೇಳಿ. ಕೇಳುವುದು ಅವಮಾನ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಇಂಥ ಸಂಸ್ಥೆ ನಡೆಸಬೇಕಾದರೆ ನೋಂದಣಿ ಆಗಿರಲೇಬೇಕು. ಆ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ದಾನಿಗಳ ಫೋಟೋಗೆ ಗೋಡೆಯಲ್ಲಿ ಜಾಗ ಇದ್ದು, ಈ ಒಂದು ಕಾಗದ ಮಾತ್ರ "ಬೀರುವಿನಲ್ಲಿದೆ, ಕೀ ತಂದಿಲ್ಲ" ಅಂದರೆ ಇನ್ನೊಂದು ದಿನ ಹೋಗಿ ಮತ್ತೆ ಕೇಳಿ. ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟ್ ಇದ್ದಾರೆ ಅಂದರೆ ಅವರ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, ಅದರ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು. ಫಿಸಿಯೋಥೆರಪಿಯವರು ಇದರಡಿ ಬರುವುದಿಲ್ಲ, ಅವರಿಗೆ ಏನು ಓದಿದ್ದೀರಿ ಅಂತಲೇ ಕೇಳಿ. ಮೂರು ದಿನದ ಟ್ರೇನಿಂಗ್ ಮಾಡಿಕೊಂಡು ಬಿಳಿ ಕೋಟು ಹಾಕಿದವರೂ ಇದ್ದಾರೆ.

ಹಾಗಂತ ಕಾಗದ ಸರಿ ಇದ್ದರೆ ಎಲ್ಲ ಸರಿ ಇದೆ ಅಂತಲ್ಲ. ಎಲ್ಲ ಕಾಗದವೂ ಇದ್ದ ಒಂದು ಕಡೆ ನಾನು ಮಧ್ಯಾಹ್ನ ಹೋಗಿದ್ದೆ. ಅವತ್ತು ಯಾರದೋ ಹುಟ್ಟುಹಬ್ಬ. ಮಕ್ಕಳ ಮುಂದೆ ತಟ್ಟೆ ಇಟ್ಟು, ಅನ್ನ ಹುಳಿ ಬಡಿಸಿ ಆಗಿತ್ತು. ಆದರೆ ಯಾರೂ ಕೈ ಹಾಕುವಂತಿಲ್ಲ. ದಾನಿಗಳ ಕಾರು ಇನ್ನೂ ಬಂದಿರಲಿಲ್ಲ. ಒಬ್ಬ ಹುಡುಗ ಬೆರಳು ತಟ್ಟೆಗಿಟ್ಟಾಗ ಆಯಾ ಅವನ ಕೈ ಹಿಡಿದು ತೊಡೆ ಮೇಲೆ ಇಟ್ಟಳು. ಅವರು ಬಂದು, ಕೇಕ್ ಕತ್ತರಿಸಿ, ಫೋಟೋ ಆಗುವಷ್ಟರಲ್ಲಿ ಅನ್ನ ಆರಿ ಹೋಗಿತ್ತು. ಆಯಾ ಕೆಟ್ಟವಳಲ್ಲ, ಅವಳಿಗೆ ಹಾಗೆ ಹೇಳಿಟ್ಟಿದ್ದರು. (ನಮ್ಮ ಹುಟ್ಟುಹಬ್ಬ ಅಲ್ಲಿ ಮಾಡುವ ನಾವೂ ಸ್ವಲ್ಪ ಯೋಚಿಸಬೇಕು, ಅಲ್ವಾ?) ಅದಕ್ಕೇ ಹೇಳುವುದು, ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ. ಬಚ್ಚಲು ನೋಡಿ. ರಾತ್ರಿ ಮಕ್ಕಳ ಜೊತೆ ಯಾರು ಮಲಗುತ್ತಾರೆ, ಎಷ್ಟು ಮಕ್ಕಳಿಗೆ ಒಬ್ಬರು ಅಂತ ಕೇಳಿ. ಹೆಣ್ಣುಮಕ್ಕಳಿದ್ದರೆ ಈ ಪ್ರಶ್ನೆ ಬಿಡಲೇಬೇಡಿ.

"ಆರು ತಿಂಗಳಲ್ಲಿ ಮಗು ನಡೆಯೋ ಹಂಗ ಮಾಡಿ ಕೊಡ್ತೀವಿ" ಅನ್ನುವವರ ಹತ್ತಿರ ನಾನು ಚಹಾ ಕುಡಿಯುವಷ್ಟು ಹೊತ್ತೂ ಕೂರುವುದಿಲ್ಲ. ಸೆರೆಬ್ರಲ್ ಪಾಲ್ಸಿ ಬೆಳೆಯುತ್ತಿರುವ ಮೆದುಳಿಗೆ ಆದ ಹಾನಿಯಿಂದ ಬರುವುದು. ಥೆರಪಿಯಿಂದ ಕೈಕಾಲಿನ ಬಿಗಿ ಕಡಿಮೆ ಆಗಬಹುದು, ಕೂರುವುದು, ಉಣ್ಣುವುದು ಸುಲಭ ಆಗಬಹುದು. ಆದರೆ ಪೂರ್ತಿ ಗುಣ ಮಾಡುವ ಎಣ್ಣೆಯೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಕೊಪ್ಪಳದಲ್ಲಿ ನಮಗೆ ಸಿಕ್ಕ ಒಬ್ಬ ಫಿಸಿಯೋ ಮೇಡಂ ನಮ್ಮನ್ನು ಬಿಟ್ಟು ಮೊದಲು ತಮ್ಮನ ಜೊತೆ ಮಾತಾಡಿದರು. ಅವನ ಗಾಲಿಕುರ್ಚಿಯ ಎದುರು ಕೆಳಗೆ ಕೂತು, "ಎಲ್ಲಿ ನೋಯ್ತದಪ್ಪಾ?" ಅಂದರು. ಅವನ ಮಾತು ತಡವಾಗಿ ಬರುತ್ತದೆ. ಅಮ್ಮ ನಡುವೆ ಬಾಯಿ ಹಾಕಿದರೆ, "ತಡೀರಿ ಅಮ್ಮಾ, ಅವನೇ ಹೇಳಲಿ" ಅಂದರು. ಆಮೇಲೆ ಅಮ್ಮನ ಕೈಯಿಂದಲೇ ವ್ಯಾಯಾಮ ಮಾಡಿಸಿ ಕಲಿಸಿದರು. ಬಾಗಿಲು ಮುಚ್ಚಿ "ನೀವು ಹೊರಗಿರಿ" ಅನ್ನುವವರ ಬಗ್ಗೆ ನನಗೆ ಅನುಮಾನ ಶುರುವಾಗಿದ್ದು ಅವತ್ತಿನಿಂದ.

ದುಡ್ಡಿನ ವಿಷಯ. ಎಷ್ಟೇ ಕಡಿಮೆ ಕೊಟ್ಟರೂ ರಸೀದಿ ತಗೊಳ್ಳಿ. ರಾಷ್ಟ್ರೀಯ ನ್ಯಾಸದ (ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿ ಖರ್ಚಿಗೂ ಒಂದು ಪಾಲು ಸಿಗುತ್ತದೆ. ಇದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇದ್ದವರಿಗೆ. ಬಿಲ್ ಇಲ್ಲದೆ ಆ ಹಣ ಬರುವುದಿಲ್ಲ. ಇನ್ನು ಮಾಸಾಶನ ಬರುವ ಪಾಸ್‌ಬುಕ್, ಎಟಿಎಂ ಕಾರ್ಡ್, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಅಸಲು ಪ್ರತಿ ಯಾವ ಸೆಂಟರಿನಲ್ಲೂ ಬಿಡಬೇಡಿ. ಜೆರಾಕ್ಸ್ ಸಾಕು. "ಸಹಿ ಮಾಡಿ ಹೋಗಿ, ಆಮೇಲೆ ತುಂಬ್ಕೋತೀವಿ" ಅಂತ ಖಾಲಿ ಹಾಳೆ ಕೊಟ್ಟರೆ ಮಗನನ್ನು ಕರ್ಕೊಂಡು ಎದ್ದು ಬನ್ನಿ.

ಯಾರನ್ನು ವಿಚಾರಿಸಬೇಕು ಅಂತ ಗೊತ್ತಾಗದಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಅವರೂ ಅಂಗವಿಕಲರೇ. ಯಾವ ಸೆಂಟರಿನಲ್ಲಿ ನಿಜವಾಗಿ ಕೆಲಸ ನಡೆಯುತ್ತದೆ, ಯಾವುದರಲ್ಲಿ ಬೋರ್ಡ್ ಮಾತ್ರ ಇದೆ ಅನ್ನುವುದು ಅವರಿಗೆ ಆಫೀಸಿನವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. 

ಮಗುವನ್ನು ಬಿಟ್ಟ ಮೇಲೆ ಮೈಮೇಲೆ ಬಾಸುಂಡೆ ಕಂಡರೆ, ಸೆಂಟರಿಗೆ ಹೊರಡುವ ದಿನ ಬಂದರೆ ಸಾಕು ಅಳಲು ಶುರು ಮಾಡಿದರೆ "ಹಟ ಮಾಡ್ತಾನೆ" ಅಂತ ಸುಮ್ಮನಾಗಬೇಡಿ. ಅದೇ 2016ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಹಿಂಸೆ, ಶೋಷಣೆ ಆಗುತ್ತಿದೆ ಅನ್ನಿಸಿದರೆ ಯಾರು ಬೇಕಾದರೂ ದಂಡಾಧಿಕಾರಿಗೆ ತಿಳಿಸಬಹುದು. ಪಕ್ಕದ ಮನೆಯವರೂ ತಿಳಿಸಬಹುದು. ನಮ್ಮ ತಹಸೀಲ್ದಾರರೇ ತಾಲೂಕು ದಂಡಾಧಿಕಾರಿ. ಅರ್ಜಿ ಕನ್ನಡದಲ್ಲೇ ಬರೆಯಿರಿ, ಫೋಟೋ ಜೋಡಿಸಿ, ಸ್ವೀಕೃತಿ ತಗೊಳ್ಳದೆ ಕಚೇರಿ ಮೆಟ್ಟಿಲು ಇಳಿಯಬೇಡಿ.