ಉಳಿದ ದಪ್ಪವೊಂದೇ ಸಾಲದು

ಲ್ಯಾಸಿಕ್ (ಲೇಸರ್‌ನಿಂದ ಕಣ್ಣಿನ ಪವರ್ ಸರಿಪಡಿಸುವ ಶಸ್ತ್ರಚಿಕಿತ್ಸೆ) ಆದಮೇಲೆ 250 ಮೈಕ್ರಾನ್ (ಕಾಲು ಮಿ.ಮೀ.) ದಪ್ಪ ಉಳಿದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಭದ್ರ, ಕಂಪ್ಯೂಟರ್ ಮಾಡೆಲ್ಲೂ ಅದನ್ನೇ ಹೇಳುತ್ತದೆ ಎಂಬ ಒಂದು ಲೇಖನದ ಮಾತು ಒಪ್ಪುವಂಥದ್ದಲ್ಲ. ಉದಾಹರಣೆಗೆ 500 ಮೈಕ್ರಾನ್ ಕಾರ್ನಿಯಾ, 110ರ ಫ್ಲ್ಯಾಪ್ (ಲೇಸರ್ ಹಾಯಿಸಲು ಕತ್ತರಿಸಿ ಎತ್ತುವ ತೆಳು ಮೇಲ್ಪದರ), ಮೈನಸ್ 6 ಪವರ್‌ಗೆ 6.5 ಮಿ.ಮೀ. ವಲಯದಲ್ಲಿ ಸುಮಾರು 85ರ ಲೇಸರ್ ಸವೆತ. ಉಳಿದದ್ದು 305, ಲೆಕ್ಕಕ್ಕೇನೋ ಪಾಸು! ಆದರೆ ಫ್ಲ್ಯಾಪ್, ಸವೆತ ಎರಡೂ ಸೇರಿ ಹೋದ 39% ಮುಂಭಾಗದ್ದು. ಕೊಲಾಜೆನ್ ಎಳೆಗಳು ಒತ್ತಾಗಿ ಹೆಣೆದುಕೊಂಡ ಗಟ್ಟಿ ಪದರ ಅದು. ಫ್ಲ್ಯಾಪ್ ವಾಪಸ್ ಕೂರಿಸಿದರೂ ಹೆಚ್ಚೇನೂ ಭಾರ ಹೊರುವುದಿಲ್ಲ. ಇಡೀ ಸ್ಟ್ರೋಮಾಕ್ಕೆ (ಕಾರ್ನಿಯಾದ ದಪ್ಪನೆಯ ನಡುಪದರ) ಒಂದೇ ಬಿಗಿತ ಕೊಟ್ಟ ಮಾಡೆಲ್‌ಗೆ ಇದು ಕಾಣುವುದೇ ಇಲ್ಲ. ಇನ್ನೊಂದು ಎಡವಟ್ಟು: ಟೊಪೊಗ್ರಫಿಯಲ್ಲಿ (ಕಾರ್ನಿಯಾದ ಮೇಲ್ಮೈ ಅಳೆಯುವ ಸ್ಕ್ಯಾನ್) ಸಿಗುವ ಆಕಾರ ಕಣ್ಣಿನೊಳಗಿನ ಒತ್ತಡಕ್ಕೆ ಆಗಲೇ ಉಬ್ಬಿರುತ್ತದೆ. ಮಾಡೆಲ್‌ನಲ್ಲಿ ಅದರ ಮೇಲೆ ಮತ್ತೆ 15 ಮಿ.ಮೀ. ಪಾದರಸದ ಒತ್ತಡ ಹಾಕಿದರೆ ಎರಡು ಸಲ ಉಬ್ಬಿಸಿದಂತೆ. ಮೊದಲು ಹಿಮ್ಮುಖ ಲೆಕ್ಕ ಹಾಕಿ ಒತ್ತಡವಿಲ್ಲದ ಆಕಾರ ತೆಗೆಯಬೇಕು.