ದೇವರು ಕೊಟ್ಟರೂ ಪೂಜಾರಿ ಕೊಡ

ಯುದ್ಧದಲ್ಲಿ ಕೈದಿಗಳನ್ನು ಕೊಂದವರು, ಜನಸಾಮಾನ್ಯರನ್ನು ಹಿಂಸಿಸಿದವರು ಯಾವ ದೇಶದವರೇ ಆಗಿರಲಿ, ಹುಡುಕಿ ಕೋರ್ಟಿಗೆ ತನ್ನಿ. 1949ರ ಜಿನೀವಾ ಒಪ್ಪಂದಗಳು ಹೀಗೆ ಹೇಳುತ್ತವೆ. ಜಗತ್ತಿನ ಎಲ್ಲ ದೇಶಗಳೂ ಇದನ್ನು ಒಪ್ಪಿವೆ. ಒಪ್ಪಿದ ಮೇಲೆ ಮನೆಗೆ ಹೋಗಿ ಕಾನೂನು ಬರೆದವು. ಬಹಳಷ್ಟು ದೇಶಗಳು ಕೊನೆಯಲ್ಲೊಂದು ಪುಟ್ಟ ಸೆಕ್ಷನ್ ಸೇರಿಸಿದವು: ಸರ್ಕಾರದವರು ಹೂಂ ಅಂದರೆ ಮಾತ್ರ.

ಭಾರತದ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ನೋಡಿ. ಬೇಕೆಂದೇ ಕೊಂದವನಿಗೆ ಗಲ್ಲು ಅಥವಾ ಜೀವಾವಧಿ ಅಂತ 3ನೇ ಸೆಕ್ಷನ್ ಗುಡುಗುತ್ತದೆ. 17ನೇ ಸೆಕ್ಷನ್‌ಗೆ ಬರುವಷ್ಟರಲ್ಲಿ ಗಂಟಲು ಕಟ್ಟಿರುತ್ತದೆ. ಸರ್ಕಾರ ಅಥವಾ ಅದು ಸೂಚಿಸಿದ ಅಧಿಕಾರಿ ದೂರು ಕೊಡದೆ ಯಾವ ಕೋರ್ಟೂ ಕೇಸು ಕೈಗೆತ್ತಿಕೊಳ್ಳುವಂತಿಲ್ಲ. ಆರೋಪಿ ಸರ್ಕಾರದ ಸಂಬಳದವನೇ ಆಗಿದ್ದರೆ? ಸರ್ಕಾರ ಬೆಳಗ್ಗೆ ಎದ್ದು, ಮುಖ ತೊಳೆದು, ತನ್ನ ಮೇಲೆ ತಾನೇ ದೂರು ಬರೆಯಬೇಕು.

ಯಾರ್ಯಾರೋ ಸುಮ್ನೆ ಕೇಸು ಹಾಕಿ ಸತಾಯಿಸಬಾರದಲ್ವಾ ಅಂತಾರೆ. ಸರಿಯಾದ ಮಾತೇ. ಅದನ್ನು ನೋಡಿಕೊಳ್ಳೋಕೆ ನ್ಯಾಯಾಧೀಶರು ಅಂತ ಒಬ್ಬರಿರುತ್ತಾರೆ ಅನ್ನೋದಷ್ಟೇ ಇವರಿಗೆ ನೆನಪಾಗುವುದಿಲ್ಲ.

ಬೆಲ್ಜಿಯಂ ಮಾತ್ರ ಪಾಪ, 1993ರಲ್ಲಿ ಬಾಗಿಲು ಪೂರ್ತಿ ತೆರೆದಿಟ್ಟಿತ್ತು. ನೊಂದವರೇ ನೇರವಾಗಿ ದೂರು ಕೊಡಬಹುದಿತ್ತು. 2001ರಲ್ಲಿ ರುವಾಂಡದ ನರಮೇಧದಲ್ಲಿ ಕೈಯಾಡಿಸಿದ ನಾಲ್ವರಿಗೆ ಶಿಕ್ಷೆಯೂ ಆಯಿತು. ಯಾರಿಗೂ ತೊಂದರೆ ಕಾಣಲಿಲ್ಲ. 2003ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಅಪ್ಪ ಬುಷ್, ಉಪಾಧ್ಯಕ್ಷ ಡಿಕ್ ಚೇನಿ, ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಮೇಲೆ ದೂರು ಬಿತ್ತು ನೋಡಿ, ಕಾನೂನಿನ ತುಂಬ ದೋಷ ಕಾಣಿಸಿಬಿಟ್ಟವು. ಬ್ರಸೆಲ್ಸ್‌ನಲ್ಲಿ ಕಟ್ಟಬೇಕಿದ್ದ ನ್ಯಾಟೋ ಹೊಸ ಕಚೇರಿಗೆ ಹಣ ಕೊಡಲ್ಲ ಅಂತ ಅಮೆರಿಕದ ರಕ್ಷಣಾ ಸಚಿವ ರಂಸ್‌ಫೆಲ್ಡ್ ಜೂನ್‌ನಲ್ಲಿ ಗದರಿದರು. ಆಗಸ್ಟ್‌ನಲ್ಲಿ ಕಾನೂನು ರದ್ದು. ಸರ್ಕಾರಿ ಕೆಲಸ ನಿಧಾನ ಅನ್ನುವವರು ಗಮನಿಸಬೇಕು.

ಅಮೆರಿಕ ತನ್ನ ಯುದ್ಧಾಪರಾಧ ಕಾಯ್ದೆ ಮಾಡಿದ್ದು 1996ರಲ್ಲಿ. ಅದರಡಿ ಮೊದಲ ಕೇಸು ಹಾಕಿದ್ದು 2023ರ ಡಿಸೆಂಬರ್‌ನಲ್ಲಿ, ರಷ್ಯಾ ಕಡೆಯ ನಾಲ್ವರ ಮೇಲೆ. ಮಧ್ಯೆ ಅಫ್ಘಾನಿಸ್ತಾನ, ಇರಾಕ್ ಎರಡೂ ಆಗಿಹೋಗಿದ್ದವು.

ಬ್ರಿಟನ್ನಿನ ಕಥೆ ಇನ್ನೂ ರಸವತ್ತಾಗಿದೆ. ಅಲ್ಲಿ ಖಾಸಗಿಯವರೂ ಮ್ಯಾಜಿಸ್ಟ್ರೇಟರಿಂದ ವಾರಂಟ್ ತರಬಹುದಿತ್ತು. 2005ರ ಸೆಪ್ಟೆಂಬರ್‌ನಲ್ಲಿ ಇಸ್ರೇಲಿನ ನಿವೃತ್ತ ಜನರಲ್ ಡೋರನ್ ಆಲ್ಮೋಗ್ ಮೇಲೆ ಹಾಗೊಂದು ವಾರಂಟ್ ಹೊರಟಿತು. ಗಾಜಾದಲ್ಲಿ ಮನೆ ಕೆಡವಿಸಿದ ಆರೋಪ. ಪೊಲೀಸರು ಹೀಥ್ರೋದಲ್ಲಿ ಕಾದರು. ಜನರಲ್‌ಗೆ ಸುದ್ದಿ ಮುಟ್ಟಿತು. ಇಳಿಯಲೇ ಇಲ್ಲ. ವಿಮಾನದ ಒಳಗೆ ಅವರು, ಹೊರಗೆ ಪೊಲೀಸರು. ಹತ್ತುವ ಅಧಿಕಾರ ತಮಗಿದೆಯೋ ಇಲ್ಲವೋ ಅಂತ ಪೊಲೀಸರಿಗೇ ಗೊತ್ತಿರಲಿಲ್ಲ. ಹೀಗೇ ಸುಮಾರು ಎರಡು ಗಂಟೆ. ಆಮೇಲೆ ಅದೇ ವಿಮಾನ ಅವರನ್ನು ವಾಪಸ್ ಕರೆದೊಯ್ದಿತು. ವಾರಂಟ್ ಲಂಡನ್ನಿನಲ್ಲೇ ಉಳಿಯಿತು.

2009ರಲ್ಲಿ ಇಸ್ರೇಲಿನ ಮಾಜಿ ವಿದೇಶಾಂಗ ಸಚಿವೆ ಜಿಪಿ ಲಿವ್ನಿ ಮೇಲೂ ವಾರಂಟ್ ಹೊರಟಿತು. ಅವರು ಬಂದೇ ಇರಲಿಲ್ಲವೆಂದು ತಿಳಿದು ರದ್ದಾಯಿತು. ಇಂಥ ಮುಜುಗರ ಮತ್ತೆ ಬೇಡವೆಂದು 2011ರ ಸೆಪ್ಟೆಂಬರ್‌ನಲ್ಲಿ ಕಾನೂನು ತಿದ್ದಿದರು. ಇನ್ನು ಇಂಥ ವಾರಂಟ್‌ಗೆ ಸರ್ಕಾರದ ಮುಖ್ಯ ಪ್ರಾಸಿಕ್ಯೂಟರ್ ಒಪ್ಪಬೇಕು. ಅಕ್ಟೋಬರ್‌ನಲ್ಲಿ ಲಿವ್ನಿ ಬಂದೇ ಬಂದರು. ಅಷ್ಟೂ ಸಾಲದೆಂದು ಸರ್ಕಾರ ಆ ಭೇಟಿಗೆ ‘ವಿಶೇಷ ನಿಯೋಗ’ ಎಂಬ ಮುದ್ರೆಯನ್ನೂ ಒತ್ತಿತು. ಹಾಗಂದರೆ ಮುಟ್ಟುವಂತಿಲ್ಲ. ಅವರನ್ನು ಬರಮಾಡಿಕೊಂಡ ವಿದೇಶಾಂಗ ಸಚಿವರು ವಿಲಿಯಂ ಹೇಗ್. ಯುದ್ಧಾಪರಾಧದ ಅಂತರರಾಷ್ಟ್ರೀಯ ಕೋರ್ಟ್ ಇರುವ ಊರಿನ ಹೆಸರೂ ಅದೇ. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ.