ಮೇಜು ತಟ್ಟುವ ಊರಿನಿಂದ

ದಕ್ಷಿಣ ಜರ್ಮನಿಯ ಟ್ಯೂಬಿಂಗನ್ನಿಗೆ ಬಂದ ಹೊಸದರಲ್ಲಿ, ವಿಶ್ವವಿದ್ಯಾಲಯದ ಸಾರ್ವಜನಿಕ ಉಪನ್ಯಾಸವೊಂದಕ್ಕೆ ಸರಿಯಾಗಿ ಆರು ಗಂಟೆಗೆ ಹೋಗಿ ಕುಳಿತಿದ್ದೆ. ಕರಪತ್ರದಲ್ಲಿ '18 ಸಿ.ಟಿ.' ಎಂದು ಅಚ್ಚಾಗಿತ್ತು. ಸಭಾಂಗಣದಲ್ಲಿ ನಾನು ಮತ್ತು ಇನ್ನಿಬ್ಬರು ಮಾತ್ರ. ಧಾರವಾಡದಲ್ಲಿ ಬೆಳೆದವನಾದ್ದರಿಂದ, ಇಲ್ಲಿಯೂ ನಮ್ಮೂರಿನ ಗತಿಯೇ ಎಂದುಕೊಂಡು ಒಳಗೊಳಗೇ ಖುಷಿಪಟ್ಟೆ. ಆರೂ ಹದಿನಾಲ್ಕಕ್ಕೆ ಸಭಾಂಗಣ ತುಂಬಿತ್ತು, ಆರೂ ಹದಿನೈದಕ್ಕೆ ಮಾತು ಆರಂಭವಾಯಿತು. 'ಸಿ.ಟಿ.' ಎನ್ನುವುದು 'ಕಮ್ ಟೆಂಪೊರೆ' ಎಂಬ ಲ್ಯಾಟಿನ್ ಮಾತಿನ ಮೊಟಕು ರೂಪವೆಂದೂ, ಹೇಳಿದ ಹೊತ್ತಿಗೆ ಕಾಲು ಗಂಟೆ ಸೇರಿಸಿ ಲೆಕ್ಕ ಹಿಡಿಯುವುದು ಇಲ್ಲಿನ ವಿಶ್ವವಿದ್ಯಾಲಯಗಳ ಹಳೆಯ ಸಂಪ್ರದಾಯವೆಂದೂ ಆಮೇಲೆ ತಿಳಿಯಿತು. ತಡವನ್ನೂ ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

1477ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯವು 'ಸ್ಟೂಡಿಯಮ್ ಗೆನೆರಾಲೆ' ಎಂಬ ಹೆಸರಿನಲ್ಲಿ ಪ್ರತಿ ಸೆಮಿಸ್ಟರಿನಲ್ಲೂ ಉಪನ್ಯಾಸ ಮಾಲೆಗಳನ್ನು ನಡೆಸುತ್ತದೆ. ಶುಲ್ಕವಿಲ್ಲ, ಹೆಸರು ನೋಂದಾಯಿಸಬೇಕಾಗಿಲ್ಲ, ಬೀದಿಯಲ್ಲಿ ಹೋಗುತ್ತಿರುವವರು ಯಾರು ಬೇಕಾದರೂ ಒಳಗೆ ಬಂದು ಕುಳಿತುಕೊಳ್ಳಬಹುದು. ಯುರೋಪಿನ ಸಾಹಿತ್ಯ, ವಲಸೆ, ಚುನಾವಣೆ, ಉಕ್ರೇನಿನ ಯುದ್ಧ, ರೈತರ ಸಬ್ಸಿಡಿ, ಹೀಗೆ ವಿಷಯ ಯಾವುದೇ ಇರಲಿ, ಕೇಳಲು ಬರುವವರಲ್ಲಿ ಬಹುಪಾಲು ನಿವೃತ್ತರು. ನನ್ನ ಪಕ್ಕದಲ್ಲಿ ಆಗಾಗ ಕೂರುವ ಅಜ್ಜಿಯೊಬ್ಬರು ಗೆರೆ ಹಾಕಿದ ಶಾಲಾ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಮಾಡಿಕೊಳ್ಳುತ್ತಾರೆ, ಒಪ್ಪಿಗೆಯಾಗದ ಮಾತು ಬಂದಾಗ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಅದನ್ನು ಎರಡು ಸಲ ತಿದ್ದುತ್ತಾರೆ. ಮಾತು ಮುಗಿದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಎಲ್ಲರೂ ಬೆರಳಿನ ಗೆಣ್ಣುಗಳಿಂದ ಎದುರಿನ ಮೇಜನ್ನು ಬಡಿಯುತ್ತಾರೆ. ಮೊದಲ ಸಲ ಕೇಳಿದಾಗ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂತಾಗಿತ್ತು.

ಆದರೆ ನಾನು ಮೆಚ್ಚಿದ್ದು ಸಮಯಪಾಲನೆಯನ್ನಲ್ಲ, ಅದನ್ನು ಗಡಿಯಾರ ಇರುವ ಯಾರಾದರೂ ಕಲಿಯಬಹುದು. ಮೆಚ್ಚಿದ್ದು, ಮಾತಿನ ನಂತರದ ಅರ್ಧ ಗಂಟೆಯನ್ನು. ಆಹ್ವಾನಿಸಿದ ಪ್ರಾಧ್ಯಾಪಕರು ಅತಿಥಿಯನ್ನು ಎರಡು ಮೂರು ನಿಮಿಷದಲ್ಲಿ ಪರಿಚಯಿಸಿ ಬದಿಗೆ ಸರಿಯುತ್ತಾರೆ, ಅತಿಥಿ ಐವತ್ತು ನಿಮಿಷ ಮಾತನಾಡುತ್ತಾರೆ, ಉಳಿದ ಹೊತ್ತು ಕೇಳುಗರದು. ಅಲ್ಲಿ ಕೇಳುವ ಪ್ರಶ್ನೆಗಳೆಲ್ಲ ಜಾಣತನದವು ಎಂದು ನಾನು ಹೇಳಲಾರೆ. ಪ್ರಶ್ನೆಯ ವೇಷದಲ್ಲಿ ಸ್ವಂತ ಭಾಷಣ ಮಾಡುವವರು ಇಲ್ಲಿಯೂ ಇದ್ದಾರೆ. ಆದರೂ ಅತಿಥಿ ಎಷ್ಟೇ ದೊಡ್ಡವರಾಗಿರಲಿ, ಆ ಅರ್ಧ ಗಂಟೆಯನ್ನು ಯಾರೂ ಕಸಿದುಕೊಳ್ಳುವುದಿಲ್ಲ.

ಯುರೋಪಿನ ರಾಜಕಾರಣದ ಹಲವು ದೊಡ್ಡ ಮಾತುಗಳು ವಿಶ್ವವಿದ್ಯಾಲಯದ ವೇದಿಕೆಗಳಿಂದಲೇ ಹೊರಟಿವೆ. 1946ರ ಸೆಪ್ಟೆಂಬರಿನಲ್ಲಿ ಚರ್ಚಿಲ್ 'ಯುರೋಪಿನ ಸಂಯುಕ್ತ ಸಂಸ್ಥಾನ'ದ ಮಾತನ್ನಾಡಿದ್ದು ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ, ಫ್ರಾನ್ಸಿನ ಅಧ್ಯಕ್ಷರಾಗಿ ಮ್ಯಾಕ್ರಾನ್ 2017ರಲ್ಲಿ ತಮ್ಮ ಯುರೋಪ್ ಕನಸನ್ನು ಬಿಚ್ಚಿಟ್ಟದ್ದು ಪ್ಯಾರಿಸಿನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ. ನನಗೆ ಹೆಚ್ಚು ಹಿಡಿಸುವ ಪ್ರಸಂಗವೆಂದರೆ 2000ದ ಮೇ 12ರಂದು ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ಯೋಷ್ಕಾ ಫಿಷರ್ ಮಾಡಿದ ಭಾಷಣ. ಅವರು ಆಗ ಜರ್ಮನಿಯ ವಿದೇಶಾಂಗ ಸಚಿವರು. ಆದರೂ ಈ ಹೊತ್ತು ತಾನು ಸಚಿವನಾಗಿ ಮಾತನಾಡುತ್ತಿಲ್ಲ ಎಂದು ಹೇಳಿ, ಐರೋಪ್ಯ ಒಕ್ಕೂಟವು ಮುಂದೊಂದು ದಿನ ಪೂರ್ಣ ಪ್ರಮಾಣದ ಸಂಯುಕ್ತ ರಾಷ್ಟ್ರವಾಗಬೇಕೆಂಬ ತಮ್ಮ ವಿಚಾರವನ್ನು ಮಂಡಿಸಿದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವಾಗ ಅಧಿಕಾರದ ರುಮಾಲನ್ನು ಕೆಳಗೆ ಬಿಟ್ಟು ಬರುವ ಈ ಬಗೆ ನಮ್ಮಲ್ಲಿ ಅಪರೂಪ. ನಮ್ಮಲ್ಲಿ ಬರುವವರಿಗೆ ನಾವೇ ಇನ್ನೊಂದು ರುಮಾಲು ತೊಡಿಸುತ್ತೇವೆ.

ಕಳೆದ ಚಳಿಗಾಲದಲ್ಲಿ ಐರೋಪ್ಯ ಒಕ್ಕೂಟದ ಭಾಷಾನೀತಿಯ ಬಗ್ಗೆ ಒಂದು ಉಪನ್ಯಾಸವಿತ್ತು. 1958ರಲ್ಲಿ ನಾಲ್ಕು ಭಾಷೆಗಳಿಂದ ಹೊರಟ ಸಂಸ್ಥೆಗೆ ಇಂದು 24 ಅಧಿಕೃತ ಭಾಷೆಗಳಿವೆ. ಇವುಗಳಲ್ಲಿ ಯಾವುದರಲ್ಲಿ ಪತ್ರ ಬರೆದರೂ ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಪ್ರಜೆಗಿದೆ. ಪ್ರಶ್ನೆಯ ಹೊತ್ತು ಬಂದಾಗ, ಅಚ್ಚುಕೂಟದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಎದ್ದುನಿಂತು, ಈ ಎಲ್ಲ ತರ್ಜುಮೆಗೆ ತನ್ನ ತೆರಿಗೆಯ ಹಣ ಹೋಗುತ್ತಿರುವಾಗ, ಬ್ರಿಟನ್ ಹೊರನಡೆದ ಮೇಲೂ ಇಂಗ್ಲಿಷನ್ನು ಏಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದರು. ಐರ್ಲೆಂಡ್ ಮತ್ತು ಮಾಲ್ಟಾಗಳಲ್ಲಿ ಅದು ಇಂದಿಗೂ ಅಧಿಕೃತ ಭಾಷೆ, ತೆಗೆಯಬೇಕಾದರೆ ಎಲ್ಲ ದೇಶಗಳೂ ಒಪ್ಪಬೇಕು ಎಂದು ಉಪನ್ಯಾಸಕಿ ವಿವರಿಸಿದರು. ನಾನೂ ಧೈರ್ಯ ಮಾಡಿ, ಐದಾರು ಲಕ್ಷ ಜನರ ಮಾಲ್ಟೀಸ್‌ಗೆ ಸಿಕ್ಕ ಸ್ಥಾನ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನರಾಡುವ, ಸ್ಪೇನಿನ ಕತಲಾನ್ ಭಾಷೆಗೆ ಏಕಿಲ್ಲವೆಂದು, ನನ್ನ ಮುರುಕು ಜರ್ಮನ್ನಿನಲ್ಲಿ ಲಿಂಗಗಳನ್ನೆಲ್ಲ ತಪ್ಪಾಗಿ ಹೇಳುತ್ತಲೇ ಕೇಳಿದೆ. ಸ್ಥಾನ ಕೇಳಬೇಕಾದದ್ದು ಭಾಷಿಕರಲ್ಲ, ದೇಶ. ಸ್ಪೇನ್ 2023ರಲ್ಲಿ ಕೇಳಿದೆ, ಆದರೆ ಸರ್ವಾನುಮತ ಒದಗಿಲ್ಲ ಎಂದವರು, ನಿಮ್ಮ ದೇಶದಲ್ಲಿ ಹೇಗೆ ಎಂದು ನನಗೇ ಮರುಪ್ರಶ್ನೆ ಹಾಕಿದರು. ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ, ಆದರೆ ಕೇಂದ್ರದ ಆಡಳಿತ ನಡೆಯುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ, ನನ್ನ ನುಡಿಯನ್ನು 2011ರ ಜನಗಣತಿಯಲ್ಲಿ ತಾಯ್ನುಡಿಯೆಂದು ಬರೆಸಿದವರು 4.37 ಕೋಟಿ ಎಂದೆ. ಹಿಂದಿನ ಸಾಲಿನಿಂದ ಯಾರೋ, "ಪೋಲೆಂಡಿನ ಜನಸಂಖ್ಯೆಗಿಂತ ಹೆಚ್ಚು!" ಎಂದರು. ನೋಟ್‌ಬುಕ್ಕಿನ ಅಜ್ಜಿ ಆ ಅಂಕಿಯನ್ನು ಬರೆದುಕೊಂಡರು, ಪ್ರಶ್ನಾರ್ಥಕ ಚಿಹ್ನೆ ಹಾಕಲಿಲ್ಲ.

ನಮ್ಮ ಕಡೆಯ ಕಾಲೇಜು ಸಭೆಗಳನ್ನು ನೆನೆಯಿರಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಶಾಲು, ಹಾರ, ಫಲತಾಂಬೂಲ, ನೆನಪಿನ ಕಾಣಿಕೆ. ಇಷ್ಟಾಗುವಾಗ ಮುಂದಿನ ಸಾಲಿನವರಿಗೆ ಆಕಳಿಕೆ ಬಂದಿರುತ್ತದೆ. ಉಪನ್ಯಾಸದ ಬಳಿಕ ಅಧ್ಯಕ್ಷರು ಅದನ್ನೇ ಇನ್ನೊಮ್ಮೆ ಹೇಳುತ್ತಾರೆ. ಕೊನೆಗೆ 'ಸಮಯದ ಅಭಾವದಿಂದ' ಕೈಬಿಡುವುದು ಯಾವಾಗಲೂ ಪ್ರಶ್ನೋತ್ತರವನ್ನೇ, ವಂದನಾರ್ಪಣೆಯನ್ನು ಕೈಬಿಟ್ಟದ್ದನ್ನು ನಾನು ಕಂಡಿಲ್ಲ. ನಿಜವಾದ ಪ್ರಶ್ನೆಗಳು ಆಮೇಲೆ, ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ನಿಂತಾಗ ಹೊರಬರುತ್ತವೆ, ಮತ್ತು ಆ ಹರಟೆ ಕೆಲವೊಮ್ಮೆ ಭಾಷಣಕ್ಕಿಂತ ಚೆನ್ನಾಗಿರುತ್ತದೆ ಎನ್ನುವುದನ್ನೂ ಒಪ್ಪಬೇಕು. ಇಲ್ಲಿ ಮೇಜು ಬಡಿದದ್ದಾಯಿತೆಂದರೆ ಎಲ್ಲರೂ ಕೋಟಿನ ಗುಂಡಿ ಹಾಕಿಕೊಂಡು ಕತ್ತಲಲ್ಲಿ ಕರಗುತ್ತಾರೆ, ಒಂದು ಲೋಟ ಚಹಾಕ್ಕೂ ಗತಿಯಿಲ್ಲ.

ಇಲ್ಲಿನ ಬಾಗಿಲು ಎಲ್ಲರಿಗೂ ತೆರೆದಿದೆ ಎನ್ನುವುದು ಕೂಡ ಅರ್ಧ ನಿಜ. ಅದೇ ಕಟ್ಟಡವನ್ನು ರಾತ್ರಿ ಗುಡಿಸುವವರು ಈ ಉಪನ್ಯಾಸಗಳಿಗೆ ಬಂದದ್ದನ್ನು ನಾನು ನೋಡಿಲ್ಲ. ಹೊರದೇಶದ ಅತಿಥಿ ಬಂದರೆ ಮಾತು ಇಂಗ್ಲಿಷಿಗೆ ತಿರುಗುತ್ತದೆ, ಆ ಸಂಜೆ ಪೆನ್ಸಿಲಿನ ಅಜ್ಜಿಯ ಪುಟ ಖಾಲಿ ಉಳಿಯುತ್ತದೆ. ಈ ವಿಷಯದಲ್ಲಿ ನಮ್ಮವರು ಒಂದು ಕಾಲಕ್ಕೆ ಮುಂದಿದ್ದರು. ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿ ಆರಂಭಿಸಿದ ಪ್ರಚಾರೋಪನ್ಯಾಸಗಳಲ್ಲಿ ಅಧ್ಯಾಪಕರೇ ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆಗಳನ್ನು ಕನ್ನಡದಲ್ಲಿ ಹೇಳಿದರು, ಆ ಮಾತುಗಳು ಕೈಯಗಲದ ಅಗ್ಗದ ಪುಸ್ತಕಗಳಾದವು. ಜನರನ್ನು ತನ್ನಲ್ಲಿಗೆ ಕರೆಸಿಕೊಳ್ಳುವ ಟ್ಯೂಬಿಂಗನ್ನಿಗಿಂತ ಅದು ದೊಡ್ಡ ಮಾತು. ಇಂದು ಮಣಿಪಾಲದಲ್ಲಿ ಯುರೋಪ್ ಅಧ್ಯಯನಕ್ಕೆಂದೇ ಕೇಂದ್ರವಿದೆ, ಸಂತೋಷ. ಆದರೆ ಅಲ್ಲಿನ ಪಾಠ ಇಂಗ್ಲಿಷಿನದು. 24 ಭಾಷೆಗಳ ಕಥೆಯಿಂದ ಹೆಚ್ಚು ಕಲಿಯಬಲ್ಲವರು, ಬ್ಯಾಂಕಿನ ಅರ್ಜಿಯನ್ನು ಕನ್ನಡದಲ್ಲಿ ಕೇಳಿ ಬೈಸಿಕೊಂಡ ನಮ್ಮೂರಿನ ಜನ. ಆ ಕಥೆ ಅವರ ನುಡಿಯಲ್ಲಿ ಅವರನ್ನು ತಲುಪುತ್ತಿಲ್ಲ.

ಅದನ್ನು ಕನ್ನಡದಲ್ಲಿ ಹೇಳಲು ಧಾರವಾಡಕ್ಕಿಂತ ತಕ್ಕ ಊರಿಲ್ಲವೆಂದು ನನಗನ್ನಿಸಿತು. ಕನ್ನಡ ನಿಘಂಟಿನ ಕಿಟ್ಟೆಲ್ ಅವರ ಹೆಸರಿನ ಕಾಲೇಜು ಅಲ್ಲಿದೆ. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮೇಲೆ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ಟ್ಯೂಬಿಂಗನ್ ವಿಶ್ವವಿದ್ಯಾಲಯ, 1903ರಲ್ಲಿ ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ. ಧಾರವಾಡದಲ್ಲಿ ಅಧ್ಯಾಪಕನಾಗಿರುವ ಗೆಳೆಯನಿಗೆ ಫೋನ್ ಮಾಡಿ, ಮುಂದಿನ ರಜೆಯಲ್ಲಿ ಬಂದಾಗ ಐರೋಪ್ಯ ಒಕ್ಕೂಟದ ಭಾಷೆಗಳ ಬಗ್ಗೆ ಕನ್ನಡದಲ್ಲಿ ಮಾತನಾಡುತ್ತೇನೆ, ಶಾಲು ಬೇಡ, ಹಾರ ಬೇಡ, ಐವತ್ತು ನಿಮಿಷ ಮಾತು, ಅರ್ಧ ಗಂಟೆ ಪ್ರಶ್ನೆ, ಆಮೇಲೆ ಉಪ್ಪಿಟ್ಟು ಎಂದೆ. ಅವನಿಗೆ ಬಹಳ ಹಿಡಿಸಿತು. ತಾರೀಕನ್ನೂ ಬರೆದುಕೊಂಡ. ಫೋನ್ ಇಡುವ ಮುಂಚೆ ಒಂದು ಕ್ಷಣ ತಡೆದು ಕೇಳಿದ: "ಎಲ್ಲಾ ಬರೋಬರಿ ಅದ. ಆದ್ರ ಅಧ್ಯಕ್ಷತೆ ಯಾರಿಗೆ ಕೊಡೂಣು?"